ತೂಕದ ಮೇಲಿನ ಹಿಡಿ

ಮುಲುಂಡ್, ಮುಂಬೈ
ಸೋಮವಾರ, 19 ಜನವರಿ 2026

ತಮ್ಮ ಬಸವಂತರಾಯನಿಗೆ ನಿನ್ನ ಅಕ್ಕ ರಾಚವ್ವ ಮಾಡುವ ಆಶೀರ್ವಾದ.

ನಿನ್ನ ಸಕ್ಕರೆ ಕಾಯಿಲೆ ಈಗ ಹ್ಯಾಂಗದ? ಬೆಲ್ಲ ಹಾಕಿದರೂ ಅದು ಸಿಹಿ ಚಹಾನೇ, ನಿನಗೆ ನೀನೇ ಮೋಸ ಮಾಡಿಕೊಳ್ಳಬ್ಯಾಡ. ಶಿವಕುಮಾರಿಯ ಮೊಣಕಾಲು ನೋವು ಈ ಚಳಿಗೆ ಹೆಚ್ಚಾಗಿರಬೇಕು, ನಿನ್ನ ಹೆಂಡತಿ ಬಾಯಿಬಿಟ್ಟು ಹೇಳುವವಳಲ್ಲ, ನೀನೇ ಕೇಳಿ ಎಳ್ಳೆಣ್ಣೆ ಬಿಸಿ ಮಾಡಿ ಕೊಡು. ನಿನ್ನ ಮಗ ಸೋಮನಾಥನ ಕಾಮಣಿ ರೋಗ ಪೂರ್ತಿ ಹೋಯಿತಲ್ಲ? ಇನ್ನೊಂದು ತಿಂಗಳು ಅವನಿಗೆ ಕರಿದದ್ದು ಕೊಡಬ್ಯಾಡ್ರಿ. ಎಳ್ಳಮಾಸಿ ಹಬ್ಬಕ್ಕೆ ಎಲ್ಲರೂ ಹೊಲಕ್ಕೆ ಹೋಗಿದ್ದಿರೇನು, ಭಜ್ಜಿ ಪಲ್ಯ ಹದವಾಗಿತ್ತೇನು, ಬೆಳೆಯೊಳಗೆ ಭೂಮಿತಾಯಿಗೆ ಚರಗ ಚೆಲ್ಲಿದವರು ಯಾರು? ಇಲ್ಲಿ ನಾವಿಬ್ಬರೂ ಆರಾಮ ಇದ್ದೀವಿ, ನಮ್ಮವರ ಕೆಮ್ಮು ಒಂದು ಬಿಟ್ಟರೆ.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೀತಿದ್ದೀನಿ. ಆ ಕಾಗದದ ಮಾತು ತೆಗೆಯಲಿಕ್ಕೆ ಅಲ್ಲ. ಅಪ್ಪನ ಹೊಲದ ವಾಟಣಿ ಮುಗಿದು ನನ್ನ ಪಾಲು ನನ್ನ ಕೈಗೆ ಬಂದ ಮೇಲೆ, ಯಾರೂ ಕೇಳದೆ, ನಿನ್ನ ಪಾಲಿನೊಳಗಿಂದ ಬಾವಿ ಬದಿಯ ಹತ್ತು ಗುಂಟೆ ಅಕ್ಕನಿಗಿರಲಿ ಅಂತ ನೀನು ಕಾಗದ ಮಾಡಿಸಿ ಕಳಿಸಿದಿ. ನಾನು ಅದನ್ನ ಗ್ರಾಂಟ್ ರೋಡಿನ ಒಬ್ಬ ವಕೀಲನಿಗೆ ತೋರಿಸಿ, ಸಹಿ ಮಾಡದೆ ತಿರುಗಿ ಕಳಿಸಿದೆ. ವಕೀಲನ ಸುದ್ದಿ ನಿನ್ನ ಕಿವಿಗೆ ಬಿದ್ದ ದಿನದಿಂದ ನಿನ್ನ ಮಾತು ನಿಂತದ. ಎರಡು ವರ್ಷ ಆಯಿತು. ಕೇಳದೆ ಕೊಡುವವರನ್ನ ಕಂಡರೆ ಯಾರಿಗಾದರೂ ಅನುಮಾನ ಬರತದ, ಅದರಲ್ಲಿ ನನ್ನ ತಪ್ಪೇನದ? ಇರಲಿ, ಬಿಡು ಆ ಮಾತು. ನಮ್ಮ ಪ್ಯಾಟಿಯ ಸುದ್ದಿ ಹೇಳತೀನಿ, ಕೇಳು.

ಟಿಟ್ವಾಳಾದ ಆಚೆ ನಾವು ವರ್ಷಕ್ಕಿಷ್ಟು ಅಂತ ಲಾವಣಿಗೆ ಹಿಡಿದ ಅರ್ಧ ಎಕರೆ ಹೊಲ ನಿನಗೆ ಗೊತ್ತದ. ಶನಿವಾರ ಸಂಜೆ ಪಲ್ಯ ಕೊಯ್ದು, ತೊಳೆದು, ಹಸಿ ಗೋಣಿಯಲ್ಲಿ ಸುತ್ತಿ, ರವಿವಾರ ಬೆಳಿಗ್ಗೆ ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಮುಲುಂಡಿಗೆ ತರತೀವಿ. ಮೊದಲು ಸ್ಟೇಷನ್ ಹೊರಗೆ ಕೂಡತಿದ್ದೆ. ಅಲ್ಲಿ ಹೆಂಗಸರು ಜಗಳಾಡಿ, ಎದ್ದು ಹೋಗಿ, ಮತ್ತೆ ತಿರುಗಿ ಬಂದು ಒಯ್ಯತಿದ್ದರು. ಈಗ ಮೂರು ತಿಂಗಳಿಂದ ಒಂದು ದೊಡ್ಡ ಬಿಲ್ಡಿಂಗಿನ ಅಂಗಳದಲ್ಲಿ ಫಾರ್ಮರ್ಸ್ ಮಾರ್ಕೆಟ್. ಸಂತೆ ಅಂದರೆ ಇವರ ನಾಲಿಗೆ ಸವೆದು ಹೋಗತದೇನೋ. ಮೇಜಿಗೆ ಬಿಳಿ ಬಟ್ಟೆ ಹಾಸತಾರ, ಮೂಲಂಗಿಗೆ ಬಾಳೆಲೆಯ ಹಾಸಿಗೆ. ಮೂಲೆಯಲ್ಲಿ ಒಬ್ಬ ಗಿಟಾರ್ ಬಾರಿಸತಾನ, ಬದನೆಕಾಯಿಗೆ ಕೇಳಿಸಲಿಕ್ಕೋ ಏನೋ. ನಾಯಿಯನ್ನ ಕೂಸಿನ ಗಾಡಿಯಲ್ಲಿ ಕೂಡಿಸಿ ತಳ್ಳಿಕೊಂಡು ಬರತಾರ, ಕೂಸು ಆಯಾಳ ಕೈ ಹಿಡಿದು ಹಿಂದೆ ನಡೀತದ. ಪುಂಡಿಪಲ್ಯದ ಫೋಟೋ ತೆಗೀತಾರ, ಒಯ್ಯುವುದಿಲ್ಲ. ಒಯ್ಯುವವರು ಚೌಕಾಸಿ ಮಾಡುವುದಿಲ್ಲ, ಹೇಳಿದ ರೇಟಿಗೆ ಮೊಬೈಲ್ ತೋರಿಸಿ ನಡೆದೇ ಬಿಡತಾರ. ನನ್ನ ಮುಖ ಹ್ಯಾಂಗದ ಅಂತ ಒಬ್ಬರೂ ಹೇಳಲಾರರು. ನನ್ನ ಪಕ್ಕದ ಮೇಜಿನ ಗಡ್ಡದವನದು ಇನ್ನೊಂದು ಚಂದ. ಮೆಂತ್ಯ ದಟ್ಟ ಆಯಿತು ಅಂತ ನಾವು ಕಿತ್ತು ಒಗೆಯುವ ಎರಡೆಲೆ ಸಸಿ ಇರತಾವಲ್ಲ, ಅಂಥವನ್ನೇ ಪುಟ್ಟ ಡಬ್ಬಿಯಲ್ಲಿ ತುಂಬಿ ಬಂಗಾರದ ಬೆಲೆಗೆ ಮಾರತಾನ. ತಾನೂ ರೈತನಂತೆ. ಮೊನ್ನೆ ನನ್ನ ಕೇಳಿದ, ಮೌಸಿ, ಮೂಲಂಗಿ ಯಾವ ಗಿಡದಲ್ಲಿ ಬಿಡತದ ಅಂತ. ಹುಣಸೆ ಗಿಡದಲ್ಲಿ ಅಂದೆ. ಬರಕೊಂಡ.

ಇಂಥವರ ನಡುವೆಯೂ ನಾನು ಕೊಸರು ಮಾತ್ರ ಬಿಟ್ಟಿರಲಿಲ್ಲ. ಅಪ್ಪ ಆಳಂದದ ಸಂತೆಯಲ್ಲಿ ತೂಕ ಮುಗಿಸಿ, ಗಿರಾಕಿಯ ಚೀಲದಲ್ಲಿ ಇನ್ನೊಂದು ಹಿಡಿ ಹಾಕತಿದ್ದ, ನೆನಪದ ಏನು? 'ತೂಕ ತಕ್ಕಡೀದು, ಹಿಡಿ ನಂದು' ಅನ್ನತಿದ್ದ. ನೀನು ಅವನ ಧೋತರದ ಚುಂಗು ಹಿಡಿದು ನಿಂತು, 'ಹಿಡಿ ನಂದು, ಹಿಡಿ ನಂದು' ಅಂತ ತೊದಲತಿದ್ದಿ, ಸಂತೆಯೆಲ್ಲಾ ನಗತಿತ್ತು. ನಿನ್ನೆ ಹದಿನಾಲ್ಕನೇ ಮಾಳಿಗೆಯ ಗಂಡ ಹೆಂಡತಿ ಬಂದು ಎರಡು ಸಿವುಡು ಮೆಂತ್ಯ ತಗೊಂಡರು. ನಾನು ಮೇಲೊಂದು ಹಿಡಿ ಕೊತ್ತಂಬರಿ ಹಾಕಿದೆ. ಆ ಗಂಡ ಅದನ್ನ ಎರಡೇ ಬೆರಳಲ್ಲಿ ಹೊರಗೆ ತೆಗೆದ, ಸತ್ತ ಇಲಿ ಎತ್ತಿದ ಹಂಗ. ಇದನ್ನ ನಾವು ಕೇಳಿಲ್ಲ ಅಂದ. ಇದು ಕೊಸರು, ಸುಮ್ಮನೆ ಕೊಡುವುದು, ಒಯ್ಯಿರಿ ಅಂತ ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಫುಕಟ ಯಾಕ ಕೊಡತೀ, ಕೆಟ್ಟಿದ್ದೇನು ಅಂದ. ಮೂಸಿದ. ಒಂದೊಂದೇ ಎಲೆ ಬಿಡಿಸಿ ಬಿಸಿಲಿಗೆ ಹಿಡಿದ. ಹೆಂಡತಿಗೂ ಮೂಸಲಿಕ್ಕೆ ಕೊಟ್ಟ. ಏನೂ ಸಿಗಲಿಲ್ಲ. ಸಿಗಲಿಲ್ಲ ಅಂತಲೇ ಅವನ ಅನುಮಾನ ಹೆಚ್ಚಾಯಿತು. ಮೇಜಿನ ಅಂಚಿಗಿಟ್ಟು, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಹೋದ.

ಅಷ್ಟಕ್ಕೇ ಬಿಡಲಿಲ್ಲ, ಮಾರ್ಕೆಟ್ ನಡೆಸುವ ಮ್ಯಾಡಮ್ ಹತ್ತಿರ ದೂರು ಹೇಳಿದ. ಆಕಿ ಬಂದು, ಆಂಟಿ, ರೇಟು ಬರೆಯದ್ದನ್ನ ಯಾರಿಗೂ ಕೊಡಬ್ಯಾಡ್ರಿ, ಕಸ್ಟಮರ್ ಗಾಬರಿ ಆಗತಾರ ಅಂದಳು. ಕೊತ್ತಂಬರಿ ಕಂಡು ಗಾಬರಿ ಆಗುವ ಗಂಡಸು. ಎಂಥಾ ದರಿದ್ರ ಮನಸ್ಸಿರಬೇಕು ತಮ್ಮಾ. ಹುಟ್ಟಿದಾಗಿನಿಂದ ಇವರಿಗೆ ಒಬ್ಬರೂ ಪ್ರೀತಿಯಿಂದ ಒಂದು ಹಿಡಿ ಹೆಚ್ಚು ಕೊಟ್ಟಿಲ್ಲೇನು? ಹದಿನಾಲ್ಕು ಮಾಳಿಗೆ ಏರಿ ಕೂತರೂ, ಕೊಟ್ಟದ್ದನ್ನ ಕೈ ಚಾಚಿ ತಗೊಳ್ಳುವುದು ಕಲಿಯಲಿಲ್ಲ. ಇಂಥವರು ತಿಂದರೇನು, ಬಿಟ್ಟರೇನು. ಮುಂದಿನ ರವಿವಾರದಿಂದ ಮತ್ತೆ ಸ್ಟೇಷನ್ ಹೊರಗೇ ಕೂಡತೀನಿ. ಅಲ್ಲಿ ಕೊಸರು ಹಾಕದಿದ್ದರೆ ಬೈತಾರ. ಆ ಬೈಗುಳವೇ ನನಗೆ ಹಿತ.

ಶಿವಕುಮಾರಿಗೂ ಸೋಮನಾಥನಿಗೂ ಆಶೀರ್ವಾದ. ಚಪ್ಪಲಿ ಇಲ್ಲದೆ ಹೊಲಕ್ಕೆ ಹೋಗಬ್ಯಾಡ, ಸಕ್ಕರೆ ಕಾಯಿಲೆಯವರಿಗೆ ಮುಳ್ಳು ಚುಚ್ಚಿದ್ದು ಬೇಗ ಮಾಯುವುದಿಲ್ಲ. ಶರಣಬಸವೇಶ್ವರ ನಿಮ್ಮನ್ನ ಕಾಯಲಿ.

ನಿನ್ನ ಅಕ್ಕ,
ರಾಚವ್ವ

ತಾ.ಕ.: ಪಾಕೀಟು ಅಂಟಿಸುವ ಮೊದಲು ಇದಿಷ್ಟು. ನಿನ್ನೆ ಮಾರ್ಕೆಟ್‌ನಿಂದ ಮನೆ ತನಕ ಆ ಗಂಡ ಹೆಂಡತಿಗೆ ಬೈಕೊಂತ ಬಂದೆ. ನಮ್ಮವರು ಖಾಲಿ ಬುಟ್ಟಿ ಹೊತ್ತು ಹಿಂದೆ ಬಂದರು. ಚಾಳಿನ ಮೆಟ್ಟಿಲ ಹತ್ತಿರ ಬುಟ್ಟಿ ಇಳಿಸಿ, 'ಅವ ಬರೀ ಮೂಸಿ ನೋಡಿದ. ನೀ ವಕೀಲನ ಕಡೆ ಒಯ್ದಿದ್ದಿ' ಅಂದರು. ಆ ಸಿಟ್ಟಿಗೆ ನಾನು ಅವರಿಗೆ ಊಟಾನೇ ಬಡಿಸಲಿಲ್ಲ. ವಕೀಲನಿಗೂ ನಿನ್ನ ಕಾಗದದಲ್ಲಿ ಏನೂ ಸಿಕ್ಕಿರಲಿಲ್ಲ ತಮ್ಮಾ. ಇದನ್ನ ನಾನು ನಿನಗೆ ಹೇಳಿರಲಿಲ್ಲ. ಕಾಗದದ ಜೊತೆ ನೀನೊಂದು ಚೀಟಿ ಇಟ್ಟಿದ್ದಿ, 'ಅಕ್ಕಾ, ಹಿಡಿ ನಂದು' ಅಂತ ಅಷ್ಟೇ ಬರೆದು. ಅದನ್ನ ನಾನು ತಿರುಗಿ ಕಳಿಸಿಲ್ಲ, ಜೋಳದ ಡಬ್ಬಿಯಲ್ಲಿ ಅದ. ಆ ಕಾಗದ ನೀನು ಹರಿದು ಒಗೆದಿಲ್ಲ ಅಂದರೆ ಮತ್ತೆ ಕಳಿಸು, ಮೂಸದೆ ಸಹಿ ಮಾಡತೀನಿ. ಹರಿದಿದ್ದರೆ ಹರಿದೀನಿ ಅಂತಲಾದರೂ ಬರಿ. ಬೇಗ ಬರಿ.