ಕಿರಿಯ ಗಿಡುಗದ ಬೇಟೆಗೆ ನಾನು ಹಾಕಿದ ಸಾಕ್ಷಿ

ಹುಬ್ಬಳ್ಳಿ
ಎರಡನೇ ಬೇಸಿಗೆಯ ನಲವತ್ತಾರನೇ ದಿನ, 2168

ಇಂದುಮತಿ ಆಯಿಯವರಿಗೆ ಮುರಿಗೆವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಸಂಕ್ರಾಂತಿ ಮುಗಿದ ಕೂಡಲೇ ಒಂದು, ಯುಗಾದಿಯ ನಂತರ ಅದಕ್ಕಿಂತ ಬಿರುಸಾದ ಇನ್ನೊಂದು, ನಡುವೆ ಹತ್ತಿಪ್ಪತ್ತು ದಿನ ಮೋಡ. ತಿಂಗಳ ಹೆಸರುಗಳು ಯಾವುದಕ್ಕೂ ಹೊಂದದೆ ಹೋದ ಮೇಲೆ ಬೇಸಿಗೆಯ ದಿನಗಳನ್ನೇ ಎಣಿಸುವ ರೂಢಿ ಬಿತ್ತು. ನನ್ನ ಮಾತುಗಳಲ್ಲಿ ನಿಮಗೆ ಗೊತ್ತಾಗದ ಪದಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಇನ್ನೊಂದು ಸಂಕೋಚವೂ ಇದೆ. ನನ್ನ ತಾಯಿಯ ಅಜ್ಜಿಗೆ ನೀವು ತಾಯಿ. ಆದರೆ ಈ ಪತ್ರ ಓದುವ ಹೊತ್ತಿಗೆ ನಿಮಗೆ ಐವತ್ತೋ ಐವತ್ತೊಂದೋ, ನನಗೆ ಎಪ್ಪತ್ತನಾಲ್ಕು. ಎಲ್ಲಾದರೂ ದೊಡ್ಡವಳ ಹಾಗೆ ಮಾತಾಡಿಬಿಟ್ಟರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಕ್ಷರ ತಪ್ಪಿದರೂ ಹಾಗೇ. ನಾನು ಚಿಕ್ಕವಳಿದ್ದಾಗ ಆರು ವರ್ಷ ಬಿಸಿಲಿಗೆ ಶಾಲೆಗಳೇ ತೆರೆಯಲಿಲ್ಲ. ನಾನು ಓದು ಕಲಿತದ್ದು ತೋಟದ ಸಾಕ್ಷಿಪುಸ್ತಕದಿಂದ, ಅದರ ಮೊದಲ ಪುಟಗಳಲ್ಲಿರುವುದು ನಿಮ್ಮ ಕೈಬರಹ. ಅದನ್ನು ನೀವಿನ್ನೂ ಬರೆದಿಲ್ಲ. ಸದ್ಯ ನೀವು ಸಕ್ಕರೆ ಕಾಯಿಲೆಗೆ ನಡೆಯಿರಿ ಅಂತ ಡಾಕ್ಟರು ಹೇಳಿದ್ದಕ್ಕೆ ದಿನಾ ಬೆಳಿಗ್ಗೆ ರೈಲ್ವೆ ಕಾಲೋನಿಯ ಪಾರ್ಕಿಗೆ ಹೋಗಿ, ಹುಣಸೆಮರದ ಕೆಳಗೆ ಗಿಡುಗದ ಮರಿಗಳ ಆಟ ನೋಡುತ್ತ ನಿಂತು, ಒಂದು ಸುತ್ತೂ ಮುಗಿಸದೆ ಮನೆಗೆ ಬರುತ್ತೀರಂತೆ. ನಮ್ಮ ಮನೆಯಲ್ಲಿ ಈಗಲೂ ಯಾರಾದರೂ ಹೇಳಿದ ಕೆಲಸ ಬಿಟ್ಟು ಬಂದರೆ, ಇಂದುಮತಿ ಆಯಿಯ ವಾಕಿಂಗ್ ಆಯಿತು ಎಂದು ನಗುತ್ತಾರೆ.

ಇನ್ನು ಹದಿನಾಲ್ಕು ವರ್ಷಕ್ಕೆ ನೀವು ಆ ಪುಸ್ತಕ ತೆರೆಯುತ್ತೀರಿ. ನಿಮ್ಮ ಕಾಲದವರು ಡ್ರೋನು ಎನ್ನುವುದನ್ನು ನಾವು ಹಾರುಬುಟ್ಟಿ ಎನ್ನುತ್ತೇವೆ. ಅವು ಆಕಾಶದ ತುಂಬ ಓಡಾಡತೊಡಗಿದಾಗ ಹಾರಲು ಕಲಿಯುವ ಮರಿಗಳು ಬಡಿಸಿಕೊಂಡು ಸಾಯುವುದನ್ನು ನೋಡಲಾರದೆ, ನೀವು ವಾರ್ಡಿನ ಮನೆಮನೆಗೆ ಹೋಗಿ ಜನರನ್ನು ಒಪ್ಪಿಸುತ್ತೀರಿ. ಆಗ ಬರೆದ ಕಟ್ಟಳೆ ನನಗೆ ಬಾಯಿಪಾಠ: “ಕಿರಿಯ ಮರಿ ತಾನಾಗಿ ಬೇಟೆಯಾಡಿದ್ದನ್ನು ನಮ್ಮ ಮನೆಯ ಒಬ್ಬಳು ಕಣ್ಣಾರೆ ಕಂಡು ಬರೆಯುವ ತನಕ ತೋಟದ ಮೇಲಿನ ಆಕಾಶ ಬಿಡತಕ್ಕದ್ದು.” ಇದನ್ನು ಬಾನ್ಬಿಡುವು ಎನ್ನುತ್ತೇವೆ. ಮೊದಲ ಮರಿ ಗೂಡಿನಿಂದ ಹೊರಬಿದ್ದ ದಿನ ನಮ್ಮ ಓಣಿಗಳಿಗೆ ಹಾರುಬುಟ್ಟಿಗಳು ನಿಂತುಹೋಗುತ್ತವೆ. ಔಷಧಿ, ಹಾಲಿನ ಪುಡಿ, ಬರ್ಫ ಎಲ್ಲವೂ ಗೋಕುಲ ರಸ್ತೆಯ ಬುಟ್ಟಿಕಟ್ಟೆಯಲ್ಲಿ ಇಳಿದು, ಅಲ್ಲಿಂದ ತುಳಿಗಾಡಿಯಲ್ಲಿ ಬರಬೇಕು. ಸಾಕ್ಷಿ ಬರೆದ ಮಧ್ಯಾಹ್ನವೇ ಆಕಾಶ ಮತ್ತೆ ತೆರೆಯುತ್ತದೆ. ಹತ್ತೊಂಬತ್ತು ವರ್ಷದಿಂದ ಆ ಸಾಕ್ಷಿ ನಾನು.

ಆಯಿ, ಇವತ್ತಿನ ತೋಟವನ್ನು ನೀವು ನೋಡಬೇಕಿತ್ತು. ಆಗಿನ ಪಾರ್ಕಿಗೆ ಹಳೆ ರೈಲು ಕಾರ್ಖಾನೆಯ ಅಂಗಳವೂ ಸೇರಿ ದೊಡ್ಡದಾಗಿದೆ, ಹುಲ್ಲಿನ ನಡುವೆ ಇನ್ನೂ ಹಳಿಗಳಿವೆ. ಊರು ನಸುಕಿನಲ್ಲೇ ಕೆಲಸಕ್ಕಿಳಿದು ಒಂಬತ್ತಕ್ಕೆಲ್ಲ ಒಳಗೆ ಸೇರುತ್ತದೆ. ಓಣಿಗಳ ಮೇಲೆ ಈ ಮನೆಯ ಮಾಳಿಗೆಯಿಂದ ಆ ಮನೆಯ ಮಾಳಿಗೆಗೆ ನೆರಳುಬಲೆ ಕಟ್ಟಿರುತ್ತೇವೆ, ಅದರಡಿ ನಡೆದರೆ ಜನರ ಮುಖವೆಲ್ಲ ಚೌಕಳಿ ಚೌಕಳಿ. ಬಲೆಯಿಲ್ಲದ ಜಾಗವೆಂದರೆ ತೋಟವೊಂದೇ. ಬೆಳಿಗ್ಗೆ ಐದರಿಂದ ಎಂಟರವರೆಗೆ ಅಲ್ಲಿ ಕೂತು ತಲೆಯೆತ್ತಿ ನೋಡಬಹುದು. ಗಿಡುಗ ಇಲ್ಲದ ಕಾಲದಲ್ಲೂ ಜನ ಸುಮ್ಮನೆ ಮೇಲೆ ನೋಡುತ್ತ ಕೂತಿರುತ್ತಾರೆ. ನಮ್ಮ ಊರಿನಲ್ಲಿ ಈಗ ಗಿಡುಗಗಳದ್ದು ಒಂದೇ ಜೋಡಿ.

ಈ ವರ್ಷ ಮೂರು ಮರಿ. ದೊಡ್ಡವೆರಡು ಹೆಣ್ಣು, ಕಿರಿಯದು ಗಂಡು, ನನ್ನ ಮುಷ್ಟಿಗಿಂತ ತುಸು ದೊಡ್ಡದು. ಹೆಸರಿಡಬಾರದು ಅಂತ ನೀವೇ ಬರೆದಿದ್ದೀರಿ, ಅದಕ್ಕೆ ಕಿರಿಯ ಎಂದಷ್ಟೇ ಕರೆದೆ. ಅದೇ ಹೆಸರಾಯಿತು. ಮೊದಲ ವಾರ ಮೂರೂ ಒಂದೇ ಕೊಂಬೆಯಲ್ಲಿ ಸಾಲಾಗಿ ಕೂತು ಒಂದನ್ನೊಂದು ದೂಡಿದವು. ಆಮೇಲೆ ಆಟ ಶುರುವಾಯಿತು. ಹುಣಸೆಕಾಯಿ ಕಿತ್ತು ಮೇಲಿನಿಂದ ಬಿಡುವುದು, ನೆಲ ಮುಟ್ಟುವುದರೊಳಗೆ ಇನ್ನೊಂದು ಬಂದು ಹಿಡಿಯುವುದು. ಹಳಿಯ ಮೇಲೆ ಬಿದ್ದ ಮಾವಿನ ಓಟೆಯನ್ನು ಶತ್ರುವೆಂದು ಬಗೆದು ಎರಗುವುದು. ಒಂದು ಅಳಿಲು ದಿನಾ ಬಂದು ಇವಕ್ಕೆ ಬೈದು ಹೋಗುತ್ತಿತ್ತು. ಮೂರೂ ಅದರ ಬೆನ್ನು ಹತ್ತುತ್ತಿದ್ದವು. ಅದು ಕಾಂಡದ ಆಚೆ ಬದಿಗೆ ಸರಿದರೆ ಇವು ಮರಕ್ಕೆ ಎದೆ ಬಡಿಸಿಕೊಂಡು, ಏನೂ ಆಗಿಲ್ಲದವರ ಹಾಗೆ ರೆಕ್ಕೆ ತೀಡಿಕೊಳ್ಳುತ್ತಿದ್ದವು. ಅಪ್ಪ ಗಿಡುಗ ಓತಿಕ್ಯಾತ ಹಿಡಿದು ತಂದರೂ ಕೈಗೆ ಕೊಡುವುದಿಲ್ಲ, ಎದುರಿಗೇ ಹಾರಾಡಿ ಅಟ್ಟಿಸಿಕೊಳ್ಳುತ್ತದೆ. ಹಾಗೆ ಅಟ್ಟಿ ಅಟ್ಟಿ ದೊಡ್ಡವೆರಡೂ ಇಪ್ಪತ್ತಾರನೇ ದಿನದ ಹೊತ್ತಿಗೆ ಸ್ವಂತ ಬೇಟೆ ಮಾಡಿದವು, ಬರೆದುಕೊಂಡೆ.

ಕಿರಿಯ ಮಾತ್ರ ಆಟ ಬಿಡಲಿಲ್ಲ. ಬೇವಿನ ತೊಗಟೆಯ ಉದ್ದನೆಯ ಸಿಬಿರು ಸಿಕ್ಕರೆ ಕಾಲಲ್ಲಿ ಹಿಡಿದು, ಬಾಲದ ಹಾಗೆ ಜೋತಾಡಿಸುತ್ತ ತೋಟದ ತುಂಬ ಹಾರುವುದು, ಬಿಡುವುದು, ಮತ್ತೆ ಹಿಡಿಯುವುದು. ಮೂವತ್ತನೇ ದಿನ ದಾಟಿತು. ವಾರ್ಡಿನವರು ಮೊದಲು ನಗೆಯಾಡಿದರು. ಅದಕ್ಕೊಂದು ಟ್ಯೂಷನ್ ಹಚ್ಚಿ ಅಂದರು. ಆಮೇಲೆ ನಗೆ ಕಡಿಮೆಯಾಯಿತು. ಬಾನ್ಬಿಡುವು ಇಷ್ಟು ಉದ್ದ ಹೋದದ್ದು ನನ್ನ ಕಾಲದಲ್ಲಿ ಇದೇ ಮೊದಲು.

ನಮ್ಮ ಪಕ್ಕದ ಮನೆಯವನು ರಾಜೇಸಾಬ, ನೆರಳುಬಲೆ ಹೆಣೆಯುವವನು. ಅವನ ಹೆಂಡತಿ ಜುಲೇಖಾಗೆ ರಕ್ತದ ಕಾಯಿಲೆ, ದಿನ ಬಿಟ್ಟು ದಿನ ಒಂದು ತಂಪುಚೀಲ ಬರಬೇಕು. ಒಳಗಿನ ಔಷಧಿ ತಣ್ಣಗಿದ್ದರೆ ಮಾತ್ರ ಮೈಗೆ ಹತ್ತುತ್ತದೆ. ಹಾರುಬುಟ್ಟಿಯಲ್ಲಿ ಕಾಲು ಗಂಟೆ, ತುಳಿಗಾಡಿಯಲ್ಲಿ ಬಯಲು ಬಿಸಿಲಿನಲ್ಲಿ ಒಂದೂವರೆ ತಾಸು. ಈ ಬೇಸಿಗೆ ನಾಲ್ಕು ಚೀಲ ಕೆಟ್ಟವು. ಜುಲೇಖಾ ಹಾಸಿಗೆ ಹಿಡಿದಳು.

ಮೂವತ್ತೇಳನೇ ದಿನ ರಾಜೇಸಾಬ ತೋಟಕ್ಕೆ ಬಂದು ನನ್ನ ಬೆಂಚಿನ ತುದಿಯಲ್ಲಿ ಕೂತ. ಬಹಳ ಹೊತ್ತು ಮರ ನೋಡಿದ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ: “ಸುಳ್ಳು ಬರೀರಿ ಅಂತ ನಾ ಅನ್ನಂಗಿಲ್ರಿ ಅಕ್ಕಾರ. ಆದ್ರ ನಿಮ್ಮ ಕಣ್ಣಿಗೂ ವಯಸ್ಸಾಗೇತಿ. ಅದು ಎಂದೋ ಬೇಟಿ ಮಾಡಿರಬೇಕು. ನೀವು ನೋಡಿಲ್ಲ, ಅಷ್ಟ.”

ಮರುದಿನ ಬೆಳಿಗ್ಗೆ ಆರೂವರೆಗೆ ಕಿರಿಯ ಹಳಿಯ ಪಕ್ಕದ ಹುಲ್ಲಿಗೆ ಎರಗಿ, ಕಾಲಲ್ಲಿ ಏನೋ ಜೋತುಬಿಟ್ಟುಕೊಂಡು ಎದ್ದಿತು. ಅಲ್ಲಿದ್ದ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಆಯಿ, ನನ್ನ ಕಣ್ಣಿಗೆ ವಯಸ್ಸಾಗಿಲ್ಲ. ಅದು ತೊಗಟೆಯ ಸಿಬಿರು. ಅದರ ಕೆಂಪು ಒಳಮೈ ಸಹಿತ ನನಗೆ ಕಂಡಿತು. ನಾನು ಪುಸ್ತಕ ತೆರೆದು ಬರೆದೆ: ಕಿರಿಯ ಮರಿ ಓತಿಕ್ಯಾತ ಹಿಡಿಯಿತು, ಕಣ್ಣಾರೆ ಕಂಡೆ.

ಅಂದು ಮಧ್ಯಾಹ್ನ ಆಕಾಶ ತೆರೆಯಿತು. ಮರುದಿನ ಜುಲೇಖಾಳ ಚೀಲ ತಣ್ಣಗೆ ಬಂತು. ಮೂರು ದಿನಕ್ಕೆ ಅವಳು ಎದ್ದು ಕೂತು ಗಂಜಿ ಕುಡಿದಳು ಎಂದು ಕೇಳಿದೆ. ಅದೇ ದಿನ, ನಲವತ್ತೊಂದರಂದು, ನಾನು ಬೆಂಚಿನಲ್ಲಿರುವಾಗಲೇ ಒಂದು ಹಾರುಬುಟ್ಟಿ ತೋಟದ ಮೇಲೆ ತಗ್ಗಿಗೆ ಬಂತು. ಚೀಲ ಬಿಗಿಯುವ ಪಟ್ಟಿ ಅದರ ಕೆಳಗೆ ಜೋತಾಡುತ್ತಿತ್ತು. ಕಿರಿಯ ಹುಣಸೆಮರದಿಂದ ನೇರ ಅದಕ್ಕೆ ಹೋಯಿತು. ಹೆದರಿಕೆಯಿಂದ ಅಲ್ಲ, ಸಿಟ್ಟಿನಿಂದಲೂ ಅಲ್ಲ, ಆಟಕ್ಕೆ. ಪಟ್ಟಿಯನ್ನು ಹಿಡಿದೇಬಿಟ್ಟಿತು. ಮೇಲೆ ತಿರುಗುವ ರೆಕ್ಕೆ ಅದಕ್ಕೆ ತಿಳಿಯಲಿಲ್ಲ.

ಹುಲ್ಲಿನಿಂದ ಎತ್ತಿಕೊಂಡೆ. ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಜನ ಸೇರಿ, ಬೇಟೆ ಕಲಿತ ಹಕ್ಕಿ ಹೀಗೆ ಮಾಡಬಾರದಿತ್ತು, ಅದರ ಹಣೆಬರಹ ಎಂದರು. ನನ್ನ ಭುಜ ಹಿಡಿದು ಸಮಾಧಾನ ಮಾಡಿದರು. ನನ್ನ ಮೇಲೆ ಯಾರಿಗೂ ಸಂಶಯವಿಲ್ಲ. ನನಗೆ ತಡೆಯಲಾಗದ್ದು ಅದೇ. ಅಪ್ಪ ಗಿಡುಗ ಇವತ್ತೂ ಓತಿಕ್ಯಾತ ತಂದು, ಕಿರಿಯ ಕೂರುತ್ತಿದ್ದ ಕೊಂಬೆಯ ಸುತ್ತ ಕೂಗುತ್ತ ಹಾರಿತು. ಆಮೇಲೆ ತಾನೇ ತಿಂದಿತು.

ನಿನ್ನೆ ಬೆಳಿಗ್ಗೆ ಜುಲೇಖಾ ಗಂಡನ ಕೈ ಹಿಡಿದುಕೊಂಡು ತೋಟಕ್ಕೆ ಬಂದಳು. ಗಂಡನನ್ನು ನೀರು ತರಲು ಕಳಿಸಿ ನನ್ನ ಪಕ್ಕ ಕೂತಳು. “ಮುರಿಗೆಕ್ಕಾ, ಅದು ಖರೇನ ಬೇಟಿ ಮಾಡಿತ್ತಾ?” ಎಂದು ಕೇಳಿದಳು.

ಹತ್ತೊಂಬತ್ತು ವರ್ಷದಲ್ಲಿ ನನ್ನ ಸಾಕ್ಷಿಯನ್ನು ಯಾರೂ ತಿರುಗಿ ಕೇಳಿರಲಿಲ್ಲ. “ಇಲ್ಲವಾ,” ಅಂದೆ.

ಅವಳು ಅಳಲಿಲ್ಲ. ನನ್ನನ್ನು ಬೈದರೆ ಚೆನ್ನಾಗಿತ್ತು, ಬೈಯಲೂ ಇಲ್ಲ. “ನನ್ನ ಯಾರೂ ಒಂದ್ ಮಾತು ಕೇಳಲಿಲ್ಲ ನೋಡಕ್ಕಾ,” ಅಂದಳು. “ನೀನು ಹಕ್ಕಿ ನೋಡ್ಕೋತ ಕುಂತಿ. ನಮ್ಮ ಮನಿಯಾಂವ ನಿನ್ನ ನೋಡ್ಕೋತ ಕುಂತ. ಕೇಳಿದ್ರ ಹೇಳ್ತಿದ್ನಿ, ಗಾಡಿ ಬರೋ ಹಾದಿಗೆ ನೆರಳುಬಲಿ ಕಟ್ರಿ ಅಂತ. ಮನ್ಯಾಗ ಹೆಣದಿಟ್ಟದ್ದು ಸಾಕಷ್ಟು ಬಿದ್ದೈತಿ.”

ಆಯಿ, ಗೋಕುಲ ರಸ್ತೆಯಿಂದ ನಮ್ಮ ಓಣಿಯ ಬಾಯಿವರೆಗೆ ಮನೆಗಳಿಲ್ಲದ ಬಯಲು ದಾರಿ, ಅಲ್ಲಿ ನೆರಳಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಂಬ ನೆಟ್ಟು ಬಲೆ ಎಳೆಯಲು ವಾರ್ಡಿನವರಿಗೆ ಒಂದು ವಾರ ಸಾಕು. ಮಲಗಿದವಳಿಗೆ ಹೊಳೆದದ್ದು ತಲೆಯೆತ್ತಿ ಕೂತ ನಮಗೆ ಹೊಳೆಯಲಿಲ್ಲ. ನಿಜ ಹೇಳುತ್ತೇನೆ, ಅವಳು ಬದುಕಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮತ್ತೆ ಅಂಥ ಬೆಳಿಗ್ಗೆ ಬಂದರೆ, ಬೇರೆ ದಾರಿ ಕಾಣದಿದ್ದರೆ, ನನ್ನ ಕೈ ಅದನ್ನೇ ಬರೆದೀತೋ ಏನೋ. ಎರಡರಲ್ಲಿ ಒಂದನ್ನು ಆರಿಸುವ ಹಾಗೆ ಒಬ್ಬಳನ್ನೇ ಬೆಂಚಿನ ಮೇಲೆ ಕೂರಿಸಿದ್ದೇ ತಪ್ಪಾಯಿತು ಅಂತ ಈಗ ಅನ್ನಿಸುತ್ತಿದೆ. ನಿಮ್ಮನ್ನು ದೂರುವಷ್ಟು ದೊಡ್ಡವಳಲ್ಲ ನಾನು. ನಿಮಗೆ ನಮ್ಮ ಮನೆಯವರ ಕಣ್ಣಿನ ಮೇಲೆ ನಂಬಿಕೆಯಿತ್ತು.

ನಾಳೆ ಬೆಳಿಗ್ಗೆ ವಾರ್ಡಿನ ಸಭೆ ಇದೆ. ಮೂವತ್ತೆಂಟನೇ ದಿನದ ಪುಟ ಓದಿ, ಇದು ಸುಳ್ಳು, ಬರೆದವಳು ನಾನು ಎಂದು ಹೇಳುತ್ತೇನೆ. ಬಾನ್ಬಿಡುವು ಬೇಡವೆನ್ನುವವರು ಬಹಳ ವರ್ಷದಿಂದ ಕಾಯುತ್ತಿದ್ದಾರೆ, ಅವರಿಗೆ ಇಷ್ಟು ಸಾಕು. ಮುಂದಿನ ವರ್ಷ ಈ ಜೋಡಿ ಗೂಡು ಕಟ್ಟುವಾಗ ಆಕಾಶ ಬಿಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ರಾಜೇಸಾಬ ಸಭೆಗೆ ಬರುವುದಿಲ್ಲ ಎಂದಿದ್ದಾನೆ, ಅವನಿಗೆ ನನ್ನ ಮುಖ ನೋಡಲಾಗುತ್ತಿಲ್ಲ. ಜುಲೇಖಾ ಬರುತ್ತಾಳೆ. ಅವಳ ಚೀಲ ಬರುವ ದಿನವೂ ನಾಳೆಯೇ, ಅದನ್ನು ಸಭೆಗೇ ತರಿಸಿಕೊಳ್ಳುತ್ತಾಳಂತೆ, ಎಲ್ಲರೂ ಒಮ್ಮೆ ಅದರ ತಂಪನ್ನು ಕೈಯಲ್ಲಿ ಹಿಡಿದು ನೋಡಲಿ ಅಂತ.

ಈ ಪತ್ರ ಹಿಂದಕ್ಕೆ ಬಂದು ನಿಮ್ಮನ್ನು ಮುಟ್ಟುವುದಾದರೆ ಒಂದೇ ಕೇಳಿಕೆ. ಹದಿನಾಲ್ಕು ವರ್ಷದ ನಂತರ ಆ ಕಟ್ಟಳೆ ಬರೆಯುವಾಗ ‘ಒಬ್ಬಳು’ ಎಂಬಲ್ಲಿ ಕೈ ತಡೆಯಿರಿ. ಇಬ್ಬರು ಎಂದು ಬರೆಯಿರಿ. ಒಬ್ಬಳು ನಮ್ಮ ಮನೆಯವಳು, ಇನ್ನೊಬ್ಬಳು ಆಕಾಶದಿಂದ ಬರುವುದನ್ನು ಕಾದು ಮಲಗಿದ ಮನೆಯವಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಬ್ಬರನ್ನೊಬ್ಬರು ಕೇಳಿ ಬರೆಯಲಿ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ಮುರಿಗೆವ್ವ