ಹಗೇವಿನಲ್ಲಿಟ್ಟ ಪುಸ್ತಕಗಳು

ಶಿರವಾಳ
೧೨-೧೨-೧೯೯೬

ಪ್ರೀತಿಯ ಅಪ್ಪಾ,

ನಿನ್ನ ಏಕೈಕ ಪುತ್ರಿ, ಕಿತಾಪತಿ ಲಾಲಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಿನಗಿಂತ ಮೊದಲು ಈ ಪತ್ರ ಒಡೆದು ಓದುವ ಜೈಲಿನ ಸಾಹೇಬರಿಗೂ ಅದರಲ್ಲೊಂದು ಪಾಲು ಸಲ್ಲುತ್ತದೆ. ಮೊಣಕಾಲು ನೋವು ಹೇಗಿದೆ? ಈ ಚಳಿಗೆ ಕೌದಿ ಸಾಲುತ್ತದೆಯೇ? ಅವ್ವ ಆರಾಮವಾಗಿದ್ದಾಳೆ ಎಂದು ಬರೆಯಲು ಅವ್ವನೇ ಹೇಳಿದ್ದಾಳೆ. ಬರೆದಿದ್ದೇನೆ.

ನಿನ್ನ ಹುಕುಂ ತಲುಪಿತು. ಒಂದೇ ಒಂದು ಪುಸ್ತಕ ಇಟ್ಟುಕೊಳ್ಳಲು ಸಾಹೇಬರು ಒಪ್ಪಿದ್ದಾರೆ, ಜೀವಾವಧಿಗೆ ಸಾಲುವಂಥದ್ದನ್ನು ನೀವೇ ಆರಿಸಿ ಕಳಿಸಿ ಎಂದು ನೀನು ಬರೆದಿದ್ದೆ. ‘ಗ್ವಾಡಿ ನೋಡ್ಕೋಂತ ಕುಂತು ಕುಂತು ತಲಿ ಕೆಡಾಕತ್ತದ’ ಎಂಬ ಸಾಲನ್ನು ಮಾತ್ರ ಅವ್ವನಿಗೆ ಓದಿ ಹೇಳಲಿಲ್ಲ. ಕೂಡಲೇ ಅಂಗಳದಲ್ಲಿ ಮಹಾಸಭೆ ಸೇರಿತು. ಅಧ್ಯಕ್ಷತೆ ನನ್ನದು, ಸದಸ್ಯರು ಅವ್ವ ಮತ್ತು ಎಮ್ಮೆ. ಪಂಚಾಂಗವನ್ನು ಮೊದಲೇ ತಳ್ಳಿಹಾಕಿದೆವು. ಅದರ ಆಯುಷ್ಯ ಒಂದೇ ವರ್ಷ, ನಿನಗೆ ಅಷ್ಟು ಬೇಗ ಬಿಡುಗಡೆಯಿಲ್ಲ. ದನಗಳ ರೋಗದ ಪುಸ್ತಕಕ್ಕೆ ಎಮ್ಮೆ ತಲೆಯಾಡಿಸಿತು. ಕೊನೆಯ ಹಾಳೆ ಹರಿದಿರುವ ಪತ್ತೇದಾರಿ ಕಾದಂಬರಿಯೇ ಒಳ್ಳೆಯದು, ಕೊಲೆ ಮಾಡಿದವನು ಯಾರೆಂದು ಜೀವಮಾನವಿಡೀ ಯೋಚಿಸಬಹುದು ಎಂದೆ ನಾನು. ಅವ್ವ ಎದ್ದು ಒಳಗೆ ಹೋದಳು. ನನ್ನ ನಾಲಿಗೆಗೆ ಬರೆ ಹಾಕಬೇಕು.

ಶ್ರಾವಣದಲ್ಲಿ ಮಠದ ಕಟ್ಟೆಯ ಮೇಲೆ ನೀನು ಓದುತ್ತಿದ್ದ, ದ್ಯಾವಪ್ಪ ಕಾಕಾ ಪಕ್ಕದಲ್ಲಿ ಕೂತು ಪದ್ಯ ಪದ್ಯಕ್ಕೂ ಅರ್ಥ ಹೇಳುತ್ತಿದ್ದ ಆ ಪುರಾಣದ ಮಾತನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ಅದು ಕಾಕಾನ ಮನೆಯಲ್ಲೇ ಉಳಿದಿದೆ. ಕಾಲುವೆಯ ತೂಬಿನ ಹತ್ತಿರ ನೀರಿನ ಪಾಳಿಗಾಗಿ ಜಗಳವಾಗಿ, ನಿನ್ನ ಸಲಿಕೆಯ ಏಟಿಗೆ ಅವನು ಸತ್ತ ಮೇಲೆ ನಾವು ಆ ಓಣಿಯಲ್ಲಿ ಕಾಲಿಟ್ಟಿಲ್ಲ.

ಕಡೆಗೆ, ಕಣ್ಣಾರೆ ನೋಡಿಯೇ ಆರಿಸೋಣವೆಂದು ಹಗೇವು ತೆಗೆದೆವು. ನಿನ್ನನ್ನು ಕರೆದೊಯ್ದ ದಿನ ಊರು ಬಿಟ್ಟು ವಡಗೇರಾದ ಮಾವನ ಮನೆಗೆ ಹೋಗುವಾಗ, ಸಿಟ್ಟಿನಲ್ಲಿ ಯಾರಾದರೂ ಮನೆಗೆ ಬೆಂಕಿ ಇಟ್ಟರೂ ಪುಸ್ತಕ ಉಳಿಯಲೆಂದು ಅವ್ವ ಎಲ್ಲವನ್ನೂ ಆ ನೆಲದೊಳಗಿನ ಗುಂಡಿಯಲ್ಲಿ, ಜೋಳದ ಜೊತೆ ಇಟ್ಟು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದಳು. ‘ಹಗೇವಿನ್ಯಾಗ ಇಟ್ಟಿದ್ದು ಮುತ್ಯಾನ ಕಾಲದಿಂದ ಕೆಟ್ಟಿಲ್ಲ, ಸುಮ್ನಿರು’ ಎಂದಿದ್ದಳು. ಮುತ್ಯಾನ ಕಾಲದಲ್ಲಿ ಕಾಲುವೆ ಇರಲಿಲ್ಲ. ಕಲ್ಲು ಸರಿಸಿದಾಗ ಎದ್ದ ವಾಸನೆಗೆ ಎಮ್ಮೆಯೂ ಹಗ್ಗ ಜಗ್ಗಿತು. ಕಂದೀಲು ಇಳಿಬಿಟ್ಟರೆ ಕೆಳಗೆ ನೀರು ಮಿನುಗಿತು. ಅಪ್ಪಾ, ನೀನು ಯಾವ ನೀರಿಗಾಗಿ ಸಲಿಕೆ ಎತ್ತಿದೆಯೋ ಅದು ನಮ್ಮ ಹೊಲಕ್ಕೆ ಈ ವರ್ಷವೂ ಬರಲಿಲ್ಲ. ನೆಲದೊಳಗಿನಿಂದ ಜಿನುಗಿ ಜಿನುಗಿ ಮನೆಗೇ ಬಂದಿದೆ. ಜೋಳ ಮೊಳೆತು ಕೊಳೆತಿತ್ತು. ಪುಸ್ತಕಗಳನ್ನು ಎತ್ತಲು ಹೋದರೆ ಅಂಬಲಿಯಂತೆ ಬೆರಳ ಸಂದಿಯಿಂದ ಸೋರಿದವು. ಉಳಿದವನ್ನು ಬಿಸಿಲಿಗೆ ಹರವಿದೆ, ಒಣಗಿ ಸಗಣಿಯ ಕುಳ್ಳಿನಂತಾದವು. ‘ಅಧ್ಯಕ್ಷರೇ, ಆರಿಸ್ರಿ ಈಗ’ ಎಂದು ಅವ್ವ ನಗತೊಡಗಿದಳು. ಆ ನಗು ನಿಲ್ಲುವವರೆಗೂ ಅವಳ ಕೈ ಹಿಡಿದುಕೊಂಡು ಕೂತಿದ್ದೆ.

ಶಹಾಪುರಕ್ಕೂ ಹೋಗಿ ಬಂದೆ. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯ ಸುಲ್ತಾನಸಾಬ ‘ಬರೇ ಗೈಡ್ ಅದಾವ. ಏಳನೇತ್ತದ್ದು ಬೇಕೋ, ಹತ್ತನೇತ್ತದ್ದು ಬೇಕೋ?’ ಎಂದ. ಜೀವಾವಧಿ ಎಂಬುದು ಎಷ್ಟನೇ ತರಗತಿಯೋ ಎಂದುಕೊಳ್ಳುತ್ತಾ ಮರಳಿ ಬಸ್ ಹತ್ತಿದೆ.

ಕೌದಿಯನ್ನು ಕಿವಿ ಮುಚ್ಚುವಂತೆ ಹೊದ್ದುಕೋ. ಅವ್ವ, ನಾನು, ಎಮ್ಮೆ, ಮೂವರೂ ನಿನ್ನ ದಾರಿ ಕಾಯುತ್ತಿದ್ದೇವೆ ಎಂದು ಬರೆಯುವವಳಿದ್ದೆ. ಎಮ್ಮೆಗೆ ಅಷ್ಟು ಆಯುಷ್ಯವಿಲ್ಲ.

ನಿನ್ನ ಮಗಳು, ಮಾಜಿ ಅಧ್ಯಕ್ಷೆ
ಲಾಲಮ್ಮ

ತಾ.ಕ.: ಪತ್ರ ಮಡಚುವಷ್ಟರಲ್ಲಿ ದ್ಯಾವಪ್ಪ ಕಾಕಾನ ಹೆಂಡತಿ ಕರೆಮ್ಮ ಕಾಕಿ ಬಂದಳು. ಕಾಕಾ ಹೋದ ಮೇಲೆ ಇದೇ ಮೊದಲು. ನಿನಗೆ ಕಳಿಸಲು ಪುಸ್ತಕ ಹುಡುಕುತ್ತಿರುವುದೂ, ನಮ್ಮ ಪುಸ್ತಕಗಳ ಗತಿಯೂ ಊರಿಗೆಲ್ಲ ಗೊತ್ತಾಗಿದೆ. ಅವ್ವ ಎದ್ದು ನಿಂತಳು. ಕಾಕಿ ಒಳಗೆ ಬರಲಿಲ್ಲ. ಸೆರಗಿನಲ್ಲಿ ಸುತ್ತಿ ತಂದಿದ್ದ ಆ ಪುರಾಣವನ್ನು ನಮ್ಮ ಮನೆಯ ಕಟ್ಟೆಯ ಮೇಲಿಟ್ಟಳು. ‘ಇದನ್ನ ಕಳಸ್ರಿ. ಜಲ್ಮಪೂರ್ತಿ ಓದ್ಲಿ. ಅರ್ಥ ಹೇಳಾಂವ ಇಲ್ಲಂತ ಹೇಳ್ರಿ’ ಎಂದು ತಿರುಗಿ ನೋಡದೆ ಹೋದಳು. ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ಕಳಿಸಲೋ, ಬೇಡವೋ, ಬರೆ. ಬೇರೆ ಪುಸ್ತಕ ನಮ್ಮಲ್ಲಿಲ್ಲ.