ರೈಸರ್ ಬ್ಲಾಕ್ ಹಾಕಿಸಿದೆ

ಗುರುಶಾಂತಣ್ಣ,

ಇವತ್ತು ನಮ್ಮ ಆಲೂರಿನ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮೆಷಿನ್‌ನ ತಲೆ ಎತ್ತರಿಸಿದೆ. ಹೊಂಗಡಹಳ್ಳದ ಎಸ್ಟೇಟಿನಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಬಾಡಿ ಬಂದಿತ್ತು. ಟೇಬಲ್ ಮೇಲೆ ಇಟ್ಟರೆ ಕಬ್ಬಿಣ ಕೊರೆಯುವ ಕಟರ್ ಹಾಕಲು ಜಾಗವೇ ಉಳಿಯುತ್ತಿರಲಿಲ್ಲ. ನೀನು ತೀರಿಕೊಂಡ ಮೇಲೂ ಇಂಥ ಕೆಲಸವನ್ನೆಲ್ಲ ಹಾಸನಕ್ಕೆ ಹೊತ್ತು ಹೊತ್ತು ಸಾಕಾಗಿತ್ತು. ಕೊನೆಗೆ ನೀನು ಹೇಳುತ್ತಲೇ ಇದ್ದ ರೈಸರ್ ಬ್ಲಾಕ್ ತರಿಸಿದೆ. ಲೇತ್ ನೋಡಿಕೊಳ್ಳುವ ಮಹೇಶನೂ ನಾನೂ ಚೈನ್ ಪುಲ್ಲಿಯಲ್ಲಿ ತಲೆ ಎತ್ತಿ, ಕಂಬಕ್ಕೂ ಅದಕ್ಕೂ ನಡುವೆ ಆ ಕಬ್ಬಿಣದ ದಿಮ್ಮಿ ಕೂರಿಸಿ, ಬೋಲ್ಟ್ ಬಿಗಿದು, ಡಯಲ್ ಇಟ್ಟು ನೇರ ನೋಡುವಷ್ಟರಲ್ಲಿ ಸಂಜೆಯಾಯಿತು. ನನ್ನ ಸೊಂಟ ಬಿದ್ದುಹೋಗಿದೆ.

ಪಲ್ಪರ್ ಬಾಡಿ ಸಲೀಸಾಗಿ ಕೂತಿತು. ಕಟರ್ ಇಳಿಸೋಣವೆಂದು ಹಿಡಿಕೆಗೆ ಕೈ ಚಾಚಿದರೆ ಎಟುಕಲಿಲ್ಲ. ಕೆಲಸದ ಎತ್ತರ ಅಳೆದಿದ್ದೆವು. ನನ್ನ ಎತ್ತರ ಅಳೆಯಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಮಹೇಶ ನಕ್ಕುಬಿಟ್ಟ. "ಒಂದು ಮಣೆ ಹಾಕ್ಕಂಡು ನಿಂತ್ಕಳಿ ಮಾರಾಯ್ರೆ."

ಟೀ ತಂದಿದ್ದ ಅತ್ತಿಗೆ ನಗಲಿಲ್ಲ. ಹಿಡಿಕೆಯನ್ನೇ ನೋಡುತ್ತಾ, "ಈಗ ನಿಮ್ಮಣ್ಣನ ಕೈಗೆ ಸರಿಯಾಗೈತೆ" ಅಂದರು.

ನಿನ್ನ ಎತ್ತರಕ್ಕೆ ಅದು ಯಾವಾಗಲೂ ಗಿಡ್ಡವೇ. ನೀನು ಆ ಮೆಷಿನ್ ಮುಂದೆ ಇಡೀ ದಿನ ಬಗ್ಗಿ ನಿಂತು, ಸಂಜೆ ಬೆನ್ನು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದೆ. ಅತ್ತಿಗೆ ನೀರು ಕಾಯಿಸಿಟ್ಟು ಕಾಯುತ್ತಿದ್ದರು.

ಮಣೆ ಹುಡುಕಲು ಹೊರಟ ಮಹೇಶನನ್ನು ತಡೆದೆ. ಅದು ನಾಳೆಯಾದರೂ ಆದೀತು. ಇವತ್ತೊಂದು ದಿನ ಮೆಷಿನ್ ನಿನ್ನ ಅಳತೆಗೇ ನಿಂತಿರಲಿ.